ದೇವರೊಡನೆ ವಾದಕ್ಕೆ ಕೂತವರು

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಆಶು ಎಂಬ ದಾಸಿಯನ್ನು ಸ್ವತಂತ್ರಳನ್ನಾಗಿಸಿ ಪತ್ರ ಬರೆದುಕೊಟ್ಟ. ಈಗಿನ ಟುನೀಷಿಯಾದ ಮಹದಿಯಾ ಅವನ ಹುಟ್ಟೂರು. ಏಡನ್ ದಾರಿಯಾಗಿ ಬಂದವನು 1149ರವರೆಗೆ ಬಹುಪಾಲು ಪಶ್ಚಿಮ ಕರಾವಳಿಯಲ್ಲೇ ಉಳಿದ. ಇಲ್ಲಿಂದ ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ. ಏಡನ್‌ನಿಂದ ತಾಮ್ರ, ತವರ, ಒಡೆದ ಪಾತ್ರೆಗಳನ್ನು ತರಿಸಿಕೊಂಡು ಸ್ಥಳೀಯ ಕಂಚುಗಾರರ ಕೈಯಲ್ಲಿ ಹೊಸ ಪಾತ್ರೆ ಮಾಡಿಸುತ್ತಿದ್ದ. ಈ ವ್ಯವಹಾರದಲ್ಲಿ ಅವನಿಗೆ ಬಲಗೈಯಾಗಿದ್ದವನು ಬೊಮ್ಮ ಎಂಬ ಆಳು. ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ (1992) ಓದಿದವರಿಗೆ ಈ ಬೊಮ್ಮ ಚೆನ್ನಾಗಿ ಗೊತ್ತು.

ಓದಿದವರಿಗೂ ಅಷ್ಟಾಗಿ ನೆನಪಿರದ ಸಂಗತಿಯೆಂದರೆ ಬೆನ್ ಯಿಜು ಕವಿತೆಯನ್ನೂ ಬರೆಯುತ್ತಿದ್ದ. ಏಡನ್‌ನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಚಾಪೆಗಳ ಜೊತೆ ಕಾಗದವನ್ನೂ ಕಳಿಸಬೇಕಾಗಿತ್ತು. ಮಂಗಳೂರಿನಲ್ಲಿ ಓಲೆಗರಿಗೆ ಬರವಿರಲಿಲ್ಲ, ಕಾಗದ ಮಾತ್ರ ಸಿಗುತ್ತಿರಲಿಲ್ಲ. ಹಾಗಾಗಿ ಬಂದ ಪತ್ರಗಳ ಬೆನ್ನಿನಲ್ಲೇ ಅವನು ಲೆಕ್ಕ ಗೀಚಿದ, ಪದ್ಯ ಬರೆದ, ಧರ್ಮಶಾಸ್ತ್ರದ ಟಿಪ್ಪಣಿ ಮಾಡಿಕೊಂಡ. ಆ ಚೂರುಗಳು ಉಳಿದದ್ದು ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾಮಂದಿರದ ಉಗ್ರಾಣದಲ್ಲಿ. ದೇವರ ಹೆಸರಿರಬಹುದಾದ ಕಾಗದವನ್ನು ಸುಡಬಾರದು, ಎಸೆಯಬಾರದು ಎಂಬ ಸಂಪ್ರದಾಯದಿಂದ ಅಲ್ಲಿ ಶತಮಾನಗಳ ಕಾಗದದ ರಾಶಿ ಬಿದ್ದಿತ್ತು. ಸಾಲಮನ್ ಶೆಕ್ಟರ್ 1896–97ರಲ್ಲಿ ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಮೆಣಸಿನ ಲೆಕ್ಕವೂ ಪ್ರಾರ್ಥನೆಯ ಪದ್ಯವೂ ಒಂದೇ ರಾಶಿಯಲ್ಲಿ ಸಿಕ್ಕವು.

ಇದೇ ವ್ಯಾಪಾರದ ಜಾಲದಲ್ಲಿ ಹಲ್ಫೋನ್ ಬೆನ್ ನೆತನೇಲ್ ಎಂಬ ಇನ್ನೊಬ್ಬನಿದ್ದ. ಭಾರತಕ್ಕೆ ಬಂದುಹೋದ ವರ್ತಕ. ಅವನ ಆಪ್ತ ಸ್ನೇಹಿತ ಯೆಹೂದಾ ಹಲೇವಿ ಮಧ್ಯಯುಗದ ಹೀಬ್ರೂ ಭಾಷೆಯ ಅತಿ ದೊಡ್ಡ ಕವಿಗಳಲ್ಲಿ ಒಬ್ಬ. ಹಲೇವಿ ತನ್ನ ಕೈಯಾರೆ ಹಲ್ಫೋನ್‌ಗೆ ಬರೆದ ಪತ್ರಗಳು ಅದೇ ಕೈರೋದ ರಾಶಿಯಲ್ಲಿ ದೊರೆತಿವೆ. ದಾರ್ಶನಿಕ ಮೈಮೊನೈಡಿಸ್‌ನ ತಮ್ಮ ಡೇವಿಡ್ ಕೂಡ ಹಿಂದೂ ಮಹಾಸಾಗರದ ವ್ಯಾಪಾರಿಯೇ. 1170ರ ಆಸುಪಾಸಿನಲ್ಲಿ ಆ ಸಮುದ್ರದಲ್ಲೇ ಮುಳುಗಿ ಸತ್ತ. ಯಹೂದಿ ತತ್ವಚಿಂತನೆಯ ಇತಿಹಾಸ ಕರ್ನಾಟಕದ ಬಂದರಿನಿಂದ ತೀರಾ ದೂರದ ಕಥೆಯೇನಲ್ಲ.

ಬೆನ್ ಯಿಜು ಆಶುವಿನ ಬಿಡುಗಡೆಯ ಪತ್ರ ಬರೆಯುವ ಹಿಂದಿನ ವರ್ಷ, 1131ರಲ್ಲಿ, ಹೊಯ್ಸಳ ರಾಣಿ ಶಾಂತಲೆ ಈಗಿನ ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅವನು ಮಂಗಳೂರು ಬಿಟ್ಟು ಹೊರಡುವ ಹೊತ್ತಿಗೆ ಬಸವಣ್ಣ ಪ್ರಾಯಕ್ಕೆ ಬಂದಿದ್ದ. ಇಲ್ಲಿ ಒಂದು ಆಸೆ ಹುಟ್ಟುವುದು ಸಹಜ: ಈ ಯಹೂದಿಗಳಿಗೂ ನಮ್ಮ ವಚನಕಾರರಿಗೂ ನಂಟು ಕಟ್ಟಬಾರದೇಕೆ? ಕಟ್ಟಬಾರದು. ಅಂಥ ನಂಟಿಗೆ ಪುರಾವೆ ಇಲ್ಲ. ವೇದಿಕೆಯ ಭಾಷಣಗಳಲ್ಲಿ ಬರುವ ‘ಎಲ್ಲ ಧರ್ಮಗಳ ಸಾರ ಒಂದೇ’ ಎಂಬ ಮಾತೂ ಇಲ್ಲಿ ಉಪಯೋಗಕ್ಕೆ ಬಾರದು. ಹೋಲಿಸಿ ನೋಡಬೇಕಾದದ್ದು ಬೇರೊಂದು ಸಂಗತಿಯನ್ನು. ಎರಡೂ ಕಡೆ ಜನ ದೇವರ ಮುಂದೆ ನಿಂತು ಬೇಡಿದ್ದಷ್ಟೇ ಅಲ್ಲ, ಯೋಚಿಸಿದರು. ಯೋಚನೆಗೆ ಪ್ರಾರ್ಥನೆಯನ್ನೇ ಜಾಗವಾಗಿ ಆರಿಸಿಕೊಂಡರು. ಯಹೂದಿಗಳು ಅದನ್ನು ಪ್ರಾರ್ಥನೆಯ ಪುಸ್ತಕದಲ್ಲಿ ಇಂದಿಗೂ ಇಟ್ಟುಕೊಂಡಿದ್ದಾರೆ. ಕನ್ನಡಿಗರು ಅದನ್ನು ಗೋಡೆಗೆ ಬರೆದು, ಮೆರವಣಿಗೆಯಲ್ಲಿ ಹೊತ್ತು, ಮರೆಯುವ ಹಾದಿಯಲ್ಲಿದ್ದಾರೆ.

ಯಹೂದಿ ದಾರ್ಶನಿಕರ ತಲೆನೋವು ಸರಳವಾಗಿತ್ತು, ಆದರೆ ಬಗೆಹರಿಯುವಂಥದ್ದಾಗಿರಲಿಲ್ಲ. ಅರಿಸ್ಟಾಟಲ್, ಪ್ಲಾಟೊರ ವಿಚಾರಗಳು ಅರಬ್ಬಿ ಭಾಷೆಯ ಮೂಲಕ ಅವರ ಕೈಸೇರಿದ್ದವು. ಆ ತರ್ಕದ ದೇವರು ಪರಿಪೂರ್ಣ, ಹಾಗಾಗಿ ಬದಲಾಗದವನು. ಬದಲಾಗದವನ ಮುಂದೆ ಬೇಡಿ ಏನು ಫಲ? ಹಲೇವಿಯ ‘ಕುಜಾರಿ’ ಗ್ರಂಥ ಶುರುವಾಗುವುದೇ ಇಲ್ಲಿಂದ. ಖಜಾರ್ ರಾಜನೊಬ್ಬ ಸರಿಯಾದ ಧರ್ಮ ಹುಡುಕುತ್ತಾ ಮೊದಲು ದಾರ್ಶನಿಕನನ್ನು ಕರೆಸುತ್ತಾನೆ. ದೇವರಿಗೆ ನಿನ್ನ ಉದ್ದೇಶವೇ ಗೊತ್ತಿಲ್ಲ, ಇನ್ನು ಪ್ರಾರ್ಥನೆ ಕೇಳುವ ಮಾತೆಲ್ಲಿ ಎಂಬ ಅರ್ಥದಲ್ಲಿ ಆ ದಾರ್ಶನಿಕ ಮಾತಾಡುತ್ತಾನೆ. ರಾಜ ಅವನನ್ನು ಬಿಟ್ಟು ಮುಂದಿನವರ ಕಡೆ ತಿರುಗುತ್ತಾನೆ. ಹಲೇವಿ ತರ್ಕಕ್ಕೆ ಹೆದರಿದವನಲ್ಲ. ತರ್ಕವಷ್ಟೇ ಸಾಲದು ಎಂದವನು.

ಅವನಿಗಿಂತ ಒಂದೆರಡು ತಲೆಮಾರು ಹಿಂದಿನ ಸೊಲೊಮನ್ ಇಬ್ನ್ ಗೆಬಿರೋಲ್ ಇನ್ನೊಂದು ದಾರಿ ಹಿಡಿದಿದ್ದ. 1021ರ ಸುಮಾರಿಗೆ ಸ್ಪೇನ್‌ನ ಮಲಗಾದಲ್ಲಿ ಹುಟ್ಟಿದವನು. ಅವನ ದರ್ಶನ ಗ್ರಂಥ ‘ಜೀವದ ಬುಗ್ಗೆ’ ಅರಬ್ಬಿಯಲ್ಲಿತ್ತು. ಅದರಲ್ಲಿ ಬೈಬಲ್‌ನ ಒಂದು ಉಲ್ಲೇಖವೂ ಇಲ್ಲ. ಹಾಗಾಗಿ ಲ್ಯಾಟಿನ್ ಅನುವಾದ ಓದಿದ ಕ್ರೈಸ್ತ ಪಂಡಿತರು ನೂರಾರು ವರ್ಷ ಇದರ ಕರ್ತೃ ಮುಸ್ಲಿಮನೋ ಕ್ರೈಸ್ತನೋ ಇರಬೇಕೆಂದೇ ತಿಳಿದಿದ್ದರು. 1846ರಲ್ಲಿ ಸಾಲಮನ್ ಮುಂಕ್ ಎಂಬ ವಿದ್ವಾಂಸ ಅದು ಇಬ್ನ್ ಗೆಬಿರೋಲ್‌ನದೇ ಎಂದು ತೋರಿಸಿದ. ಆದರೆ ಯಹೂದಿಗಳು ಈ ಕವಿಯನ್ನು ಮರೆತಿರಲಿಲ್ಲ. ಅವರಿಗೆ ಅವನು ಗೊತ್ತಿದ್ದದ್ದು ಪ್ರಾರ್ಥನೆಯ ಮೂಲಕ.

ಆ ಪ್ರಾರ್ಥನೆಯ ಹೆಸರು ‘ಕೆತೆರ್ ಮಲ್ಖುತ್’, ಅಂದರೆ ರಾಜಕಿರೀಟ. ನಲವತ್ತು ಭಾಗಗಳ ಪ್ರಾಸಬದ್ಧ ಗದ್ಯ. ಮೊದಲ ಭಾಗಗಳಲ್ಲಿ ದೇವರ ಒಂದೊಂದು ಗುಣವನ್ನು ಹೇಳಿ, ಹೇಳಿದ ಮರುಕ್ಷಣವೇ ಅದಕ್ಕೆ ಕಡಿವಾಣ ಹಾಕುತ್ತಾನೆ: ನೀನು ಒಬ್ಬ, ಆದರೆ ಆ ಒಂದು ಎಣಿಕೆಯ ಒಂದಲ್ಲ ಎಂಬ ಧಾಟಿ. ಆಮೇಲೆ ಓದುಗನನ್ನು ಮೇಲಕ್ಕೆ ಕರೆದೊಯ್ಯುತ್ತಾನೆ. ಭೂಮಿ, ಸಮುದ್ರ, ಚಂದ್ರನ ಗೋಳ, ಬುಧ, ಶುಕ್ರ, ಸೂರ್ಯ, ಮಂಗಳ, ಗುರು, ಶನಿ, ರಾಶಿಚಕ್ರ. ಅದರಾಚೆ ಬುದ್ಧಿಯ ಗೋಳ. ಟಾಲೆಮಿಯ ಖಗೋಳ ಶಾಸ್ತ್ರದ ಅಂಕಿಗಳೂ ಪ್ರಾರ್ಥನೆಯೊಳಗೇ ಬರುತ್ತವೆ. ಸೂರ್ಯ ಭೂಮಿಯ 170 ಪಟ್ಟು ಎಂಬುದು ಅಂದಿನ ಲೆಕ್ಕ. ಇಷ್ಟು ಎತ್ತರಕ್ಕೆ ಏರಿಸಿ ಕೊನೆಗೆ ಕವಿ ತನ್ನ ಪುಟ್ಟ ದೇಹಕ್ಕೆ, ತಪ್ಪುಗಳ ಪಟ್ಟಿಗೆ ಇಳಿಯುತ್ತಾನೆ. ನಿನ್ನಿಂದ ಓಡಿಹೋಗಬೇಕಾದರೂ ನಿನ್ನ ಕಡೆಗೇ ಓಡಬೇಕಲ್ಲ ಎಂಬ ಭಾವ ಅಲ್ಲಿದೆ. ಸೆಫಾರ್ಡಿ ಸಂಪ್ರದಾಯದ ಕೆಲವರು ಇದನ್ನು ಉಪವಾಸದ ಯೋಮ್ ಕಿಪ್ಪುರ್ ರಾತ್ರಿ ಇಂದಿಗೂ ಓದುತ್ತಾರೆ. ಉಪವಾಸ ಹಿಡಿದು ಒಬ್ಬ ದರ್ಜಿಯೋ ಗಾಣಿಗನೋ ಖಗೋಳ ಶಾಸ್ತ್ರವನ್ನು ದೇವರಿಗೆ ಒಪ್ಪಿಸುವ ದೃಶ್ಯ ಯಾವ ವಿಶ್ವವಿದ್ಯಾಲಯದಲ್ಲೂ ಸಿಗುವುದಿಲ್ಲ.

ಇಂಥ ಕವಿಗಳ ಮೇಲೆ ಮೈಮೊನೈಡಿಸ್‌ಗೆ ಕೋಪವಿತ್ತು. ಕಾರ್ಡೊಬಾದಲ್ಲಿ 1138ರಲ್ಲಿ ಹುಟ್ಟಿ, ಕೈರೋದಲ್ಲಿ ವೈದ್ಯನಾಗಿ ಬಾಳಿ 1204ರಲ್ಲಿ ತೀರಿಕೊಂಡವನು. ‘ದಾರಿ ಕಾಣದವರಿಗೆ ಕೈಪಿಡಿ’ ಎಂಬ ತನ್ನ ಗ್ರಂಥದಲ್ಲಿ ಅವನು ಯಹೂದಿ ಧರ್ಮಶಾಸ್ತ್ರ ಗ್ರಂಥ ತಾಲ್ಮೂದ್‌ನ ಒಂದು ಕಥೆ ನೆನಪಿಸುತ್ತಾನೆ. ಒಬ್ಬಾತ ಪ್ರಾರ್ಥನೆ ಮಾಡುತ್ತಾ ದೇವರಿಗೆ ವಿಶೇಷಣಗಳ ಮೇಲೆ ವಿಶೇಷಣ ಹೊರಿಸಿದನಂತೆ. ಮುಗಿಯುವವರೆಗೂ ಕಾದಿದ್ದ ರಬ್ಬಿ ಹನಿನಾ, ಎಲ್ಲ ಹೊಗಳಿಕೆ ಆಯಿತೇ ಎಂದು ಕೇಳಿದನಂತೆ. ಲಕ್ಷಗಟ್ಟಲೆ ಚಿನ್ನದ ನಾಣ್ಯ ಇರುವ ರಾಜನನ್ನು ಬೆಳ್ಳಿಯ ನಾಣ್ಯಕ್ಕಾಗಿ ಹೊಗಳಿದರೆ ಅದು ಅವಮಾನವೇ ಎಂಬುದು ರಬ್ಬಿಯ ವಾದ. ಮೈಮೊನೈಡಿಸ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ: ಬೆಳ್ಳಿಯೇ ಅಲ್ಲ, ಮನುಷ್ಯರ ಯಾವ ಗುಣವಾಚಕವೂ ದೇವರಿಗೆ ಹೊಂದುವುದಿಲ್ಲ, ದೇವರು ಏನಲ್ಲ ಎಂದು ಹೇಳಬಹುದು, ಏನು ಎಂದು ಹೇಳಲಾಗದು, ಮೌನವೇ ದೊಡ್ಡ ಸ್ತುತಿ.

ವಚನಕಾರ ಅಲ್ಲಮನನ್ನು ಓದಿದವರಿಗೆ ಇದು ಹೊಸ ಮಾತು ಅನ್ನಿಸಲಿಕ್ಕಿಲ್ಲ.

ವಿಪರ್ಯಾಸ ನಡೆದದ್ದು ಆಮೇಲೆ. ಪ್ರಾರ್ಥನೆಯ ಕವಿಗಳನ್ನು ಬೈದ ಮೈಮೊನೈಡಿಸ್ ಪಟ್ಟಿ ಮಾಡಿದ್ದ ಧರ್ಮದ ಹದಿಮೂರು ತತ್ವಗಳನ್ನೇ ಜನ ಪದ್ಯ ಮಾಡಿ ಹಾಡತೊಡಗಿದರು. ‘ಯಿಗ್ದಲ್’ ಎಂಬ ಆ ಹಾಡನ್ನು 14ನೇ ಶತಮಾನದ ರೋಮ್‌ನ ದಾನಿಯೇಲ್ ಬೆನ್ ಯೆಹೂದಾ ಬರೆದನೆಂದು ಸಾಮಾನ್ಯವಾಗಿ ಹೇಳುತ್ತಾರೆ. ದೇವರಿಗೆ ದೇಹವಿಲ್ಲ ಎಂಬ ಕಠಿಣ ಸಿದ್ಧಾಂತವನ್ನು ಸಿನಗಾಗ್‌ಗಳಲ್ಲಿ ಮಕ್ಕಳು ರಾಗವಾಗಿ ಹಾಡುತ್ತಾರೆ. ತತ್ವ ಜನರ ಬಾಯಿಗೆ ಬಂದರೆ ದಾರ್ಶನಿಕನ ಇಷ್ಟಾನಿಷ್ಟ ಯಾರು ಕೇಳುತ್ತಾರೆ!

ದೇವರಿಗೆ ದೇಹವಿಲ್ಲ. ಸರಿ. ಇದೇ ಮಾತನ್ನು ಹಿಡಿದು ದೇವರನ್ನೇ ಕಟಕಟೆಗೆ ಎಳೆದ ಕನ್ನಡಿಗನೊಬ್ಬನಿದ್ದಾನೆ. ದೊಡ್ಡಬಳ್ಳಾಪುರದ ನೇಕಾರರ ಕೇರಿಗಳಲ್ಲಿ ಅವನ ಪಟವಿದೆ. ವಿದ್ವಾಂಸರು ಜೇಡರ ದಾಸಿಮಯ್ಯ ಎನ್ನುತ್ತಾರೆ, ದೇವಾಂಗ ಸಮುದಾಯದವರು ದೇವರ ದಾಸಿಮಯ್ಯ ಎನ್ನುತ್ತಾರೆ. ಇಬ್ಬರೂ ಒಬ್ಬರೇ ಹೌದೋ ಅಲ್ಲವೋ ಎಂಬ ಜಗಳ ಬೇರೆಯೇ ಇದೆ, ಅದು ಇಲ್ಲಿಗೆ ಬೇಡ. ವಚನಗಳನ್ನು ಬರೆದ ದಾಸಿಮಯ್ಯ ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನವನು, ರಾಮನಾಥ ಅವನ ಅಂಕಿತ, ಕಾಲ ಸುಮಾರು 11ನೇ ಶತಮಾನ. ಅಂದರೆ ಸ್ಪೇನ್‌ನಲ್ಲಿ ಇಬ್ನ್ ಗೆಬಿರೋಲ್ ಬರೆಯುತ್ತಿದ್ದ ಕಾಲದ ಆಸುಪಾಸು.

ದಾಸಿಮಯ್ಯನ ಒಂದು ವಚನದ ವಾದ ಹೀಗಿದೆ. ದೇಹ ಇರುವವನಿಗೆ ಹಸಿವಾಗುತ್ತದೆ. ದೇಹ ಇರುವವನು ಸುಳ್ಳೂ ಹೇಳುತ್ತಾನೆ. ಹಾಗಿರುವಾಗ ದೇಹ ಹೊತ್ತವನೆಂದು ನನ್ನನ್ನು ಹೀಯಾಳಿಸಬೇಡ. ನೀನೂ ಒಂದು ಸಲ ನನ್ನ ಹಾಗೆ ದೇಹ ತೊಟ್ಟು ನೋಡು, ಆಮೇಲೆ ಮಾತಾಡು. ಬಿಡಿಸಿ ನೋಡಿದರೆ ಇದು ಮೂರು ಹೆಜ್ಜೆಯ ಶುದ್ಧ ತರ್ಕ. ಎರಡು ಪ್ರಮೇಯ, ಒಂದು ತೀರ್ಮಾನ. ಆದರೆ ತೀರ್ಮಾನ ಸಭೆಯ ಪಂಡಿತನಿಗಲ್ಲ, ರಾಮನಾಥನ ಮುಖಕ್ಕೆ. ಕೊನೆಯಲ್ಲಿ ಬರುವ ಆ ಸಂಬೋಧನೆಯನ್ನು ಕಿತ್ತು ಹಾಕಿ ನೋಡಿ. ಉಳಿಯುವುದು ಮನುಷ್ಯನ ದೌರ್ಬಲ್ಯದ ಬಗ್ಗೆ ಒಂದು ಸಾಧಾರಣ ಹೇಳಿಕೆ. ಸಂಬೋಧನೆ ಇಟ್ಟುಕೊಂಡರೆ ಅದು ಸವಾಲಾಗುತ್ತದೆ. ಯಹೂದಿ ಚಿಂತಕರಿಗೆ ದೇವರ ಅಶರೀರತೆ ಅವನ ಪರಿಪೂರ್ಣತೆಯ ಗುರುತು. ದಾಸಿಮಯ್ಯನಿಗೆ ಅದೇ ದೇವರ ಅನುಭವದಲ್ಲಿರುವ ಒಂದು ಕೊರತೆ. ದಿನವಿಡೀ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವನಿಗೆ ಮಾತ್ರ ಹೊಳೆಯುವ ಆಕ್ಷೇಪಣೆ ಇದು ಎಂದರೆ ಉತ್ಪ್ರೇಕ್ಷೆಯಲ್ಲ.

ಈ ದಾಸಿಮಯ್ಯನಿಗೆ ರಾಜ್ಯ ಸರ್ಕಾರದ ಜಯಂತಿ ಇದೆ. ಜಯಂತಿಗಳ ಕ್ರಮ ತಾಲ್ಲೂಕು ಕಚೇರಿಗೆ ಹೋದವರಿಗೆಲ್ಲ ಬಾಯಿಪಾಠ: ಪಟಕ್ಕೆ ಹಾರ, ದೀಪ ಬೆಳಗುವುದು, ನಾಡಗೀತೆ, ಗಣ್ಯರ ಸಾಲು, ಸಮುದಾಯ ಭವನಕ್ಕೆ ಅನುದಾನದ ಬೇಡಿಕೆ, ಸನ್ಮಾನ, ಮೆರವಣಿಗೆ. ಅನುದಾನ ಕೇಳುವುದು ತಪ್ಪಲ್ಲ. ಮಗ್ಗ ನಿಲ್ಲಿಸಿ ಬಂದ ನೇಕಾರ ಇನ್ನೆಲ್ಲಿ ಕೇಳಬೇಕು? ಬೇಸರದ ಸಂಗತಿ ಎಂದರೆ ಆ ಎರಡು ಗಂಟೆಯಲ್ಲಿ ದಾಸಿಮಯ್ಯ ಏನು ವಾದಿಸಿದ ಎಂಬುದು ಮಾತ್ರ ಬರುವುದಿಲ್ಲ. ‘ಮಹಾನ್ ಶರಣರು’ ಎಂಬ ವಿಶೇಷಣಗಳ ಸುರಿಮಳೆ ಬರುತ್ತದೆ. ರಬ್ಬಿ ಹನಿನಾ ಆ ಸಭೆಯಲ್ಲಿದ್ದರೆ ಮುಗಿಯಿತೇ ಎಂದು ಖಂಡಿತ ಕೇಳುತ್ತಿದ್ದ.

ವಚನಗಳ ಒಟ್ಟು ಗತಿಯೇ ಹೀಗಾಗಿದೆ. ಸರ್ಕಾರಿ ಕಚೇರಿಯ ಗೋಡೆಯ ಮೇಲೆ, ಶಾಲೆಯ ಕಾಂಪೌಂಡಿನ ಮೇಲೆ, ಬಸ್ ನಿಲ್ದಾಣದಲ್ಲಿ ಅವು ಸಿಗುತ್ತವೆ. ಆದರೆ ಎಲ್ಲ ಕಡೆಯೂ ಅವು ಓದುವವನಿಗೆ ಮಾಡಿದ ಉಪದೇಶವಾಗಿ ನಿಂತಿವೆ. ಮೂಲದಲ್ಲಿ ಅವುಗಳಲ್ಲಿ ಬಹಳಷ್ಟು ದೇವರ ಜೊತೆಗಿನ ಮಾತುಕತೆ. ತನ್ನನ್ನು ತಾನು ಜಾಲಾಡುವುದು, ದೇವರನ್ನು ಕೆಣಕುವುದು, ಉತ್ತರ ಬಾರದಿದ್ದರೆ ಮತ್ತೆ ಕೇಳುವುದು. ಯಾರ ಮುಂದೆ ಸುಳ್ಳು ನಡೆಯುವುದಿಲ್ಲವೋ ಅವನ ಮುಂದೆ ಯೋಚಿಸುವುದಕ್ಕೂ, ಪರೀಕ್ಷೆಯಲ್ಲಿ ‘ಈ ವಚನದ ನೀತಿಯೇನು’ ಎಂಬ ಪ್ರಶ್ನೆಗೆ ಉತ್ತರ ಬರೆಯುವುದಕ್ಕೂ ಅಜಗಜಾಂತರ.

ಹಿಂದೆ ಇಷ್ಟು ಕೆಟ್ಟಿರಲಿಲ್ಲ. ಕೂಲಿಮಠಗಳಲ್ಲಿ ಮಕ್ಕಳಿಗೆ ಕನಕದಾಸರ ‘ಹರಿಭಕ್ತಿಸಾರ’ವೇ ಪಠ್ಯವಾಗಿತ್ತು. ನೂರಕ್ಕೂ ಹೆಚ್ಚು ಭಾಮಿನಿ ಷಟ್ಪದಿಗಳು, ಪ್ರತಿಯೊಂದರ ಕೊನೆಗೂ ಕಾಪಾಡು ಎಂಬ ಮೊರೆ. ಅಕ್ಷರ ಕಲಿಯುವ ಹುಡುಗ ಛಂದಸ್ಸು, ಪುರಾಣ, ದೇಹ–ಜೀವದ ವಿಚಾರ ಎಲ್ಲವನ್ನೂ ಒಂದೇ ಪ್ರಾರ್ಥನೆಯಲ್ಲಿ ನುಂಗುತ್ತಿದ್ದ. ಗಿಳಿಪಾಠ ಎಂದು ಇಂದಿನ ಶಿಕ್ಷಣ ತಜ್ಞರು ಮೂಗು ಮುರಿಯಬಹುದು. ನಿಜ, ಅರ್ಥ ಆಗುತ್ತಿದ್ದದ್ದು ಬಹಳ ವರ್ಷಗಳ ಮೇಲೆ. ಆದರೆ ಅರ್ಥವಾಗುವ ಹೊತ್ತಿಗೆ ಪದ್ಯ ಬಾಯಲ್ಲಿ ಇರುತ್ತಿತ್ತು. ಮಾಯೆ ನಿನ್ನೊಳಗಿದೆಯೋ, ಮಾಯೆಯೊಳಗೆ ನೀನಿದ್ದೀಯೋ ಎಂದು ಒಂದರ ಮೇಲೊಂದು ಪ್ರಶ್ನೆ ಎಸೆಯುವ ಕನಕದಾಸರ ಕೀರ್ತನೆ ಈಗಲೂ ಕಛೇರಿಗಳಲ್ಲಿ ಜನಪ್ರಿಯ. ಗಾಯಕರು ರಾಗ ಬೆಳೆಸುತ್ತಾರೆ, ಶ್ರೋತೃಗಳು ತಲೆದೂಗುತ್ತಾರೆ. ಆ ಪ್ರಶ್ನೆಗೆ ಯಾರೂ ಉತ್ತರ ಹುಡುಕುವುದಿಲ್ಲ.

ಹುಡುಕುವವರು ಬೇರೆ ಕಡೆ ಇದ್ದಾರೆ. ನೆಲಮಂಗಲ, ದೊಡ್ಡಬಳ್ಳಾಪುರದ ಹಳ್ಳಿಗಳ ಭಜನೆ ಮನೆಗಳಲ್ಲಿ ತತ್ವಪದ ಹಾಡುವವರು ಇನ್ನೂ ಸಿಗುತ್ತಾರೆ. ತಂಬೂರಿ, ತಾಳ, ದಮ್ಮಡಿ ಇದ್ದರೆ ಸಾಕು. ಹೊಸಕೋಟೆಯಿಂದ ಚಿಂತಾಮಣಿ ರಸ್ತೆ ಹಿಡಿದರೆ ಸಿಗುವ ಕೈವಾರದಲ್ಲಿ ಬಳೆ ಮಾರಿಕೊಂಡಿದ್ದ ಯೋಗಿ ನಾರೇಯಣರು, ಜನರ ಬಾಯಲ್ಲಿ ಕೈವಾರ ತಾತಯ್ಯ, ತೆಲುಗಿನಲ್ಲೂ ಕನ್ನಡದಲ್ಲೂ ಇಂಥ ಪದಗಳನ್ನು ಕಟ್ಟಿದರು. ತತ್ವಪದದ ಗೋಷ್ಠಿಗಳಲ್ಲಿ ಒಂದು ರೂಢಿ ಇದೆ: ಒಗಟಿನಂಥ ಪದ ಹಾಡಿದವನನ್ನು ಇನ್ನೊಬ್ಬ ತಡೆದು ‘ಇದರ ಒಳಗುಟ್ಟು ಹೇಳು’ ಎನ್ನುತ್ತಾನೆ. ಹೇಳಲಾಗದಿದ್ದರೆ ಹಾಡು ಮುಂದಕ್ಕೆ ಹೋಗುವುದಿಲ್ಲ. ಒಂಬತ್ತು ಬಾಗಿಲ ಮನೆ ಯಾವುದು, ಆರು ಮೆಟ್ಟಿಲು ಯಾವುದು ಎಂಬ ತಕರಾರಿನಲ್ಲಿ ಅರ್ಧ ರಾತ್ರಿ ಕಳೆಯುತ್ತದೆ. ಅಲ್ಲಿ ಕೂತವರಲ್ಲಿ ಕೂಲಿಯವರಿದ್ದಾರೆ, ಫ್ಯಾಕ್ಟರಿ ಪಾಳಿ ಮುಗಿಸಿ ಬಂದವರಿದ್ದಾರೆ, ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಜಮೀನು ಹೋದ ಮೇಲೆ ಬೇರೆ ಕೆಲಸ ಹಿಡಿದ ಕುಟುಂಬದವರೂ ಇರುತ್ತಾರೆ. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ರಾಜ್ಯದ ತತ್ವಪದಗಳನ್ನು ಹಲವು ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದು ದೊಡ್ಡ ಕೆಲಸ. ಆದರೆ ತಡೆದು ಅರ್ಥ ಕೇಳುವ ಆ ಇನ್ನೊಬ್ಬನನ್ನು ಸಂಪುಟದಲ್ಲಿ ಅಚ್ಚು ಹಾಕಲಾಗದು.

ಪ್ರಾರ್ಥನೆಯಲ್ಲಿ ಹೀಗೆ ಯೋಚಿಸುವುದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಪ್ರಾರ್ಥನೆ ಎದೆಯ ಮಾತು, ಕಷ್ಟದಲ್ಲಿರುವವನಿಗೆ ಸಮಾಧಾನ ಬೇಕು, ಅವನಿಗೆ ತರ್ಕದ ಪಾಠವೇಕೆ? ಯಹೂದಿಗಳಲ್ಲೂ ಈ ಗಲಾಟೆ ನಡೆದಿತ್ತು. ದೇವರು ಎಲ್ಲವನ್ನೂ ತುಂಬಿದ್ದಾನೆ, ಎಲ್ಲವೂ ಅವನಲ್ಲಿದೆ ಎಂದು ಹಾಡುವ ಜರ್ಮನಿ ಭಾಗದ ‘ಏಕತ್ವದ ಹಾಡು’ ಪ್ರಾರ್ಥನೆಯಾಗಿ ಹಬ್ಬಿದಾಗ 13ನೇ ಶತಮಾನದ ಮೋಸೆಸ್ ತಾಕು ಎಂಬ ಪಂಡಿತ ಅದರ ಮೇಲೆ ಹರಿಹಾಯ್ದ. ದಾರ್ಶನಿಕರ ಸಹವಾಸದಿಂದ ಧರ್ಮ ಕೆಡುತ್ತದೆ ಎಂಬುದು ಅವನ ಅಳಲು. ಸರಳ ಭಕ್ತನ ಪರವಾಗಿ ಅವನಾಡಿದ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು.

ಆದರೆ ಸಮಾಧಾನ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಮೈಮೊನೈಡಿಸ್‌ನ ಬದುಕೇ ಸಾಕ್ಷಿ. ತಮ್ಮ ಮುಳುಗಿದ ಸುದ್ದಿ ಬಂದ ಮೇಲೆ ಅವನು ಸುಮಾರು ಒಂದು ವರ್ಷ ಜ್ವರ, ಖಿನ್ನತೆಯಲ್ಲಿ ಹಾಸಿಗೆ ಹಿಡಿದ. ಡೇವಿಡ್ ಜೊತೆಗೆ ಮನೆಯವರ ಹಣವೂ ಪರರ ಹಣವೂ ನೀರುಪಾಲಾಗಿತ್ತು. ತಮ್ಮನ ಹೆಂಡತಿ, ಪುಟ್ಟ ಮಗಳು ಇವನ ಪಾಲಿಗೆ ಬಂದಿದ್ದರು. ವರ್ಷಗಳ ನಂತರ ಅಕ್ರೆ ಪಟ್ಟಣದ ಪರಿಚಿತನಿಗೆ ಬರೆದ ಪತ್ರದಲ್ಲಿ ಅವನು ತೋಡಿಕೊಂಡದ್ದು ಇಷ್ಟು: ಧರ್ಮಗ್ರಂಥದ ಓದು ಮತ್ತು ಶಾಸ್ತ್ರಗಳ ಅಧ್ಯಯನ ಇಲ್ಲದೇ ಹೋಗಿದ್ದರೆ ಈ ದುಃಖದಲ್ಲಿ ತಾನು ಉಳಿಯುತ್ತಿರಲಿಲ್ಲ. ತಲೆಯ ಕೆಲಸ ಎದೆಗೆ ಅಡ್ಡಬಂದ ಲಕ್ಷಣ ಇದರಲ್ಲಿ ಕಾಣುವುದಿಲ್ಲ.

ಹಾಗಾದರೆ ಆಗಬೇಕಾದ್ದೇನು? ಹೊಸ ಅಧ್ಯಯನ ಪೀಠವೋ ಕೋಟಿಗಟ್ಟಲೆ ರೂಪಾಯಿಯ ಯೋಜನೆಯೋ ಬೇಡ. ಕನ್ನಡದಲ್ಲಿ ಗಮಕ ಎಂಬ ಸಿದ್ಧ ವ್ಯವಸ್ಥೆಯೇ ಇದೆ. ಒಬ್ಬರು ಕಾವ್ಯವನ್ನು ಹಾಡಿ ಓದುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಕುಮಾರವ್ಯಾಸನಿಗೆ ಸಿಗುವ ಆ ಗೌರವ ಒಂದು ವಚನಕ್ಕೆ, ಒಂದು ತತ್ವಪದಕ್ಕೆ ಸಿಕ್ಕರೆ ಸಾಕು. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ವಾರಕ್ಕೊಮ್ಮೆಯಾದರೂ ಹಾಡಿ ಮುಗಿಸಿದ ಮೇಲೆ ಐದು ನಿಮಿಷ ಇದರಲ್ಲಿ ಕವಿ ಯಾರನ್ನು ಏನು ಕೇಳುತ್ತಿದ್ದಾನೆ ಎಂದು ಮಕ್ಕಳನ್ನೇ ಕೇಳಬಹುದು. ದಾಸಿಮಯ್ಯನ ವಚನ ಕೇಳಿದ ಆರನೇ ತರಗತಿಯ ಹುಡುಗಿ ದೇವರಿಗೆ ಹಸಿವಾಗುವುದಿಲ್ಲವಾದರೆ ನೈವೇದ್ಯ ಏಕೆ ಎಂದು ಕೇಳಿದರೆ ಮೇಷ್ಟ್ರು ಗದರಬಾರದು, ಅಷ್ಟೇ ಷರತ್ತು.

ದೇವನಹಳ್ಳಿ ಬಳಿಯ ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲೋ ದೊಡ್ಡಬಳ್ಳಾಪುರದಲ್ಲೋ ನಡೆಯುವ ಮುಂದಿನ ಜಯಂತಿಯಿಂದಲೇ ಶುರು ಮಾಡಬಹುದು. ಭಾಷಣಕಾರರನ್ನು ಇಬ್ಬರಿಗೆ ಇಳಿಸಿ, ಒಂದು ವಚನ ಆರಿಸಿ, ವ್ಯಾಖ್ಯಾನಕ್ಕೆ ಒಬ್ಬ ಮೇಷ್ಟ್ರನ್ನೂ ಒಬ್ಬ ನೇಕಾರರನ್ನೂ ಕೂರಿಸಿ, ಸಭಿಕರಿಗೆ ಮೈಕ್ ಕೊಡಬೇಕು. ತೊಂದರೆಯೂ ಆಗಬಹುದು. ಲೋಕ ದೇಹದ ಗುರುತು ನೋಡಿ ಹೆಣ್ಣು ಗಂಡು ಎಂದು ಹೆಸರಿಡುತ್ತದೆ, ಒಳಗಿನ ಆತ್ಮಕ್ಕೆ ಆ ಹೆಸರು ಅಂಟುವುದಿಲ್ಲ ಎನ್ನುವ ದಾಸಿಮಯ್ಯನ ವಚನವನ್ನು ಆರಿಸಿದರೆಂದುಕೊಳ್ಳಿ. ಹಾಗಾದರೆ ಕಂಡಿಕೆ ಸುತ್ತುವ ಕೆಲಸ ಹೆಂಗಸರ ಪಾಲಿಗೇ ಏಕೆ ಬಂತು, ಸಂಘದ ಪದಾಧಿಕಾರಿಗಳ ಪಟ್ಟಿಯಲ್ಲಿ ಅವರ ಹೆಸರು ಎಲ್ಲಿದೆ ಎಂದು ಹಿಂದಿನ ಸಾಲಿನಿಂದ ಯಾರಾದರೂ ಎದ್ದು ಕೇಳಬಹುದು. ಆಗ ಅರ್ಧ ಗಂಟೆ ಹೆಚ್ಚು ಬೇಕಾಗುತ್ತದೆ. ಅದನ್ನು ಸನ್ಮಾನದ ಸಮಯದಲ್ಲಿ ಕಡಿತ ಮಾಡಿದರಾಯಿತು.